ಗರಿಗರಿಯ ಲೆಕ್ಕ ನೀರಿನಲ್ಲಿದೆ

ಮನೆಯಲ್ಲಿ ಕರಿದ ಬಾಳೆಕಾಯಿ ಚಿಪ್ಸ್ ಕೆಟ್ಟರೆ ಬೈಗುಳವೆಲ್ಲ ಎಣ್ಣೆಯ ಪಾಲಿಗೆ. ಎಣ್ಣೆ ಸರಿಯಾಗಿ ಕಾದಿರಲಿಲ್ಲ, ಎಣ್ಣೆ ಹಳೆಯದು, ಎಣ್ಣೆಯೇ ಕಲಬೆರಕೆ ಎಂದು ಹೇಳಿ, ಇನ್ನು ಮುಂದೆ ಅಂಗಡಿಯಿಂದಲೇ ತಂದರಾಯಿತು ಎಂದು ಬಾಣಲೆ ತೊಳೆದಿಡುತ್ತೇವೆ. ಆದರೆ ತಪ್ಪು ಬಹುಪಾಲು ಎಣ್ಣೆಯದಲ್ಲ, ನೀರಿನದು. ಹಸಿ ಬಾಳೆಕಾಯಿಯ ತಿರುಳಿನಲ್ಲಿ ನೂರಕ್ಕೆ ಸುಮಾರು 65 ಪಾಲು ನೀರಿರುತ್ತದೆ. ಚೆನ್ನಾಗಿ ಕರಿದ ಚಿಪ್ಸಿನಲ್ಲಿ ಉಳಿಯುವುದು ಹೆಚ್ಚೆಂದರೆ ನಾಲ್ಕು ಪಾಲು. ಉಳಿದ ನೀರನ್ನು ನಾಲ್ಕೈದು ನಿಮಿಷದಲ್ಲಿ ಹೊರಗೆ ಕಳಿಸುವುದು, ಕಳಿಸಿದ್ದು ಮತ್ತೆ ಒಳಗೆ ಬಾರದಂತೆ ನೋಡಿಕೊಳ್ಳುವುದು, ಚಿಪ್ಸ್ ಮಾಡುವುದೆಂದರೆ ಇಷ್ಟೇ. ಕಾಯಿ ಯಾವುದು, ಎಷ್ಟು ತೆಳುವಾಗಿ ಹೆಚ್ಚಬೇಕು, ಉಪ್ಪು ಯಾವಾಗ, ಖಾರ ಯಾವಾಗ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಇದು ಎಷ್ಟು ನಿಜ ಎಂದು ತಿಳಿಯಲು ಹಾಸನ ಜಿಲ್ಲೆಯ ಒಂದು ರಸ್ತೆ ಸಾಕು. ಅರಸೀಕೆರೆ ಬಯಲುಸೀಮೆ. ಮಳೆ ಕಡಿಮೆ, ಗಾಳಿ ಒಣ, ಎಲ್ಲಿ ನೋಡಿದರೂ ತೆಂಗು. ಪಶ್ಚಿಮಕ್ಕೆ ಬಂದರೆ ಹಳೇಬೀಡು, ಆಲೂಗೆಡ್ಡೆ, ಜೋಳ, ಶುಂಠಿಯ ಹೊಲಗಳ ನಡುವೆ ದ್ವಾರಸಮುದ್ರದ ಕೆರೆ. ಅಲ್ಲಿಂದ 16 ಕಿಲೋಮೀಟರ್ ದಾಟಿದರೆ ಯಗಚಿ ದಡದ ಬೇಲೂರು, ಅದರಾಚೆಗೆ ಕಾಫಿ ತೋಟ, ಮೆಣಸಿನ ಬಳ್ಳಿ, ಮಲೆನಾಡು. ಅದೇ ಗೊನೆ, ಅದೇ ಎಣ್ಣೆ, ಅದೇ ಕೈ ಇದ್ದರೂ, ಮಾರ್ಚ್‌ನಲ್ಲಿ ಅರಸೀಕೆರೆಯಲ್ಲಿ ಕರಿದು ತಟ್ಟೆಗೆ ಹಾಕಿದ ಚಿಪ್ಸ್ ಸಂಜೆಯವರೆಗೆ ಕುರುಂ ಎನ್ನುತ್ತದೆ. ಜುಲೈಯಲ್ಲಿ ಬೇಲೂರಿನಲ್ಲಿ ಕರಿದದ್ದು ಎರಡನೇ ಲೋಟ ಕಾಫಿ ಬರುವ ಹೊತ್ತಿಗೆ ಮೆತ್ತಗಾಗಿರುತ್ತದೆ. ಬೇಲೂರಿನವರ ಕೈಗುಣ ಕಡಿಮೆಯೆಂದಲ್ಲ, ಅಲ್ಲಿನ ಗಾಳಿಯಲ್ಲಿ ನೀರು ಹೆಚ್ಚು. ಅದಕ್ಕೇ ಎರಡೂ ಕಡೆಗೆ ಒಂದೇ ಪಾಕವಿಧಾನ ಒಪ್ಪುವುದಿಲ್ಲ.

ಯಾವ ಕಾಯಿ?

ಚಿಪ್ಸಿಗೆ ರಾಜ ನೇಂದ್ರ. ಉದ್ದ, ಏಣು ಏಣಾದ ಮೈ, ತಿರುಳು ಗಟ್ಟಿ, ಬಣ್ಣ ತುಸು ಹಳದಿ. ಕೇರಳದವರಿಗೂ ಕಾಸರಗೋಡಿನ ನಮ್ಮವರಿಗೂ ಬೇರೆ ಕಾಯಿಯ ಚಿಪ್ಸ್ ಚಿಪ್ಸೇ ಅಲ್ಲ. ಮೈಸೂರು, ಚಾಮರಾಜನಗರದ ಕಡೆ ಗುತ್ತಿಗೆಗೆ ಹೊಲ ಹಿಡಿದು ಕೇರಳದ ರೈತರು ನೇಂದ್ರ ಬೆಳೆಯುವುದೂ ಈ ಬೇಡಿಕೆಯಿಂದಲೇ. ಹಾಸನದ ಕಡೆಯ ಸಂತೆಯಲ್ಲಿ ಅದು ದಿನವೂ ಸಿಗುತ್ತದೆಂಬ ಭರವಸೆಯಿಲ್ಲ. ಇಲ್ಲಿ ತೆಂಗಿನ ಸಾಲಿನ ನಡುವೆ ಹೆಚ್ಚಾಗಿ ಕಾಣುವುದು ಏಲಕ್ಕಿ ಬಾಳೆ, ಮಾರುಕಟ್ಟೆಗೆ ಬರುವುದು ಪಚ್ಚೆಬಾಳೆ, ಬಜ್ಜಿಗೆ ಪಲ್ಯಕ್ಕೆ ಬರುವುದು ದಪ್ಪ ಸಿಪ್ಪೆಯ ಬೂದುಬಾಳೆ.

ಮೂರರಲ್ಲೂ ಚಿಪ್ಸ್ ಆಗುತ್ತದೆ, ಆದರೆ ಮೂರೂ ಬೇರೆ ಬೇರೆ. ಬೂದುಬಾಳೆಯಲ್ಲಿ ಪಿಷ್ಟ ಚೆನ್ನಾಗಿದೆ, ಬಿಲ್ಲೆ ಅಗಲ, ಬಣ್ಣ ಮಾತ್ರ ಪೇಲವ. ಅರಿಶಿನ ಅದನ್ನು ತುಂಬಿಕೊಡುತ್ತದೆ. ನೇಂದ್ರ ಸಿಗದಿದ್ದರೆ ನನ್ನ ಮತ ಇದಕ್ಕೇ. ಪಚ್ಚೆಬಾಳೆಯಲ್ಲಿ ನೀರು ಹೆಚ್ಚು, ಹಾಗಾಗಿ ಕರಿಯುವ ಹೊತ್ತೂ ಹೆಚ್ಚು, ಕುಡಿಯುವ ಎಣ್ಣೆಯೂ ಹೆಚ್ಚು. ಏಲಕ್ಕಿ ಬಾಳೆಯ ಕಾಯಿ ಸಣ್ಣದು, ಸಿಪ್ಪೆ ತೆಗೆಯುವುದರಲ್ಲೇ ಬೆಳಗು ಕಳೆಯುತ್ತದೆ. ಆದರೆ ತೋಟದಲ್ಲಿ ಗಾಳಿಗೆ ಗೊನೆ ಮುರಿದು ಬಿದ್ದಿದ್ದರೆ ಅದನ್ನು ಚಿಪ್ಸ್ ಮಾಡುವುದು ಒಳ್ಳೆಯ ದಾರಿ.

ತಳಿಗಿಂತಲೂ ಮುಖ್ಯವಾದದ್ದು ಕಾಯಿಯ ವಯಸ್ಸು. ಬಲಿತಿರಬೇಕು, ಹಣ್ಣಿನ ಕಡೆ ತಿರುಗಿರಬಾರದು. ಎಳೆಕಾಯಿಯಲ್ಲಿ ಪಿಷ್ಟ ಇನ್ನೂ ತುಂಬಿರುವುದಿಲ್ಲ. ಕರಿದರೆ ಒಗರು ಉಳಿದು, ಬಿಲ್ಲೆ ಮುರುಟಿಕೊಳ್ಳುತ್ತದೆ. ಹಣ್ಣಾಗಲು ಹೊರಟ ಕಾಯಿಯಲ್ಲಿ ಪಿಷ್ಟ ಸಕ್ಕರೆಯಾಗುತ್ತಿರುತ್ತದೆ. ಬಿಸಿ ಎಣ್ಣೆಯಲ್ಲಿ ಸಕ್ಕರೆ ಬೇಗ ಕಂದುತ್ತದೆ. ಒಳಗಿನ ನೀರು ಹೋಗುವ ಮೊದಲೇ ಹೊರಗೆ ಬಣ್ಣ ಬಂದುಬಿಡುತ್ತದೆ. ಬಣ್ಣ ನೋಡಿ ಆಯಿತೆಂದು ತೆಗೆದರೆ ಮೆತ್ತಗೆ, ನೀರು ಹೋಗಲೆಂದು ಬಿಟ್ಟರೆ ಕಹಿ. ಹಾಸನದ ಆಲೂಗೆಡ್ಡೆ ಬೆಳೆಗಾರರಿಗೆ ಈ ಕಷ್ಟ ಹೊಸದಲ್ಲ. ಶೀತಲ ಗೃಹದಲ್ಲಿ ಬಹಳ ದಿನ ಇಟ್ಟ ಗೆಡ್ಡೆಯಲ್ಲೂ ಪಿಷ್ಟ ಸಕ್ಕರೆಗೆ ತಿರುಗಿ ಚಿಪ್ಸ್ ಕಪ್ಪಾಗುತ್ತದೆ. ಅದಕ್ಕೆ ಚಿಪ್ಸ್ ಕಂಪನಿಗಳು ಗೆಡ್ಡೆಯ ಸಕ್ಕರೆ ಪರೀಕ್ಷಿಸಿಯೇ ಕೊಳ್ಳುತ್ತವೆ.

ಮನೆಯಲ್ಲಿ ಪರೀಕ್ಷೆಗೆ ಯಂತ್ರ ಬೇಡ. ಕಾಯಿಯ ಏಣುಗಳು ಮೊನಚು ಕಳೆದುಕೊಂಡು ದುಂಡಗಾಗುತ್ತಿರಬೇಕು. ತುದಿಯಲ್ಲಿ ಹಳದಿ ಛಾಯೆ ಕಂಡರೆ ಬಿಡಿ. ಉಗುರಿನಿಂದ ಸಿಪ್ಪೆ ಚುಚ್ಚಿದರೆ ಸೊನೆ ಒಸರಬೇಕು. ಅಂಗಡಿಯಲ್ಲಿ "ಅಕ್ಕಾ, ಚಿಪ್ಸಿಗೆ ಬೇಕು, ನಿನ್ನೆ ಮೊನ್ನೆ ಕಡಿದ ಗೊನೆ ಇದ್ಯಾ?" ಎಂದು ಬಾಯಿಬಿಟ್ಟು ಕೇಳಿದರೆ ಸಾಮಾನ್ಯವಾಗಿ ಸರಿಯಾದ ಚಿಪ್ಪನ್ನೇ ಕೊಯ್ದುಕೊಡುತ್ತಾರೆ. ತಂದ ದಿನವೇ, ತಪ್ಪಿದರೆ ಮರುದಿನ ಕರಿಯಿರಿ. ಫ್ರಿಜ್ಜಿನಲ್ಲಿಟ್ಟು ಕಾಯುವುದು ಬೇಡ, ಚಳಿಗೆ ಸಿಪ್ಪೆ ಕಪ್ಪಾಗಿ ತಿರುಳೂ ಕೆಡುತ್ತದೆ.

ಸಿಪ್ಪೆ, ಸೊನೆ, ಬಿಲ್ಲೆ

ಬಾಳೆಯ ಕರೆ ಬಟ್ಟೆಗೆ ಹತ್ತಿದರೆ ಬಟ್ಟೆಯ ಆಯುಷ್ಯ ಮುಗಿದರೂ ಹೋಗುವುದಿಲ್ಲ. ಹಳೆಯ ಸೀರೆ, ಹಳೆಯ ಲುಂಗಿ ಉಟ್ಟೇ ಕೂರುವುದು ಲೇಸು. ಅಂಗೈಗೆ, ಚಾಕುವಿಗೆ ಎಣ್ಣೆ ಸವರಿಕೊಳ್ಳಿ. ಸೊನೆ ಎಣ್ಣೆಯ ಮೇಲೆ ಹಿಡಿಯುವುದಿಲ್ಲ. ಕಾಯಿಯ ಎರಡು ತುದಿ ಕತ್ತರಿಸಿ, ಏಣಿನ ಮೇಲೆ ಉದ್ದಕ್ಕೆ ಗೀರಿ, ಹೆಬ್ಬೆರಳಿನಿಂದ ಸಿಪ್ಪೆಯನ್ನು ಅಡ್ಡಕ್ಕೆ ದೂಡಿದರೆ ಬಿಟ್ಟುಕೊಳ್ಳುತ್ತದೆ. ಹಸಿರು ಪದರ ಅಲ್ಲಲ್ಲಿ ಉಳಿದಿದ್ದರೆ ಚಾಕುವಿನಿಂದ ಹೆರೆದುಬಿಡಿ. ಸುಲಿದ ಇಡೀ ಕಾಯಿಗಳನ್ನು ಅರಿಶಿನ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟರೆ ಸೊನೆ ಇಳಿಯುತ್ತದೆ. ತಿರುಳು ಗಾಳಿಗೆ ತೆರೆದುಕೊಂಡು ಕಪ್ಪಾಗುವುದೂ ತಪ್ಪುತ್ತದೆ. ನಮ್ಮ ಮನೆಗಳಲ್ಲಿ ಬಾಳೆಕಾಯಿ ಪಲ್ಯಕ್ಕೆ ಹೆಚ್ಚಿದ ಹೋಳನ್ನು ಮಜ್ಜಿಗೆ ನೀರಿಗೆ ಹಾಕುವುದು ಇದೇ ಕಾರಣಕ್ಕೆ. ಹುಳಿಯಿದ್ದಲ್ಲಿ ಕಪ್ಪಾಗಿಸುವ ಕಿಣ್ವದ ಆಟ ನಡೆಯುವುದಿಲ್ಲ.

ಆದರೆ ಬಿಲ್ಲೆಗಳನ್ನು ನೀರಿಗೆ ಹಾಕಬಹುದೇ? ಇಲ್ಲಿ ಎರಡು ಪಕ್ಷ. ನೆನೆಸಿದರೆ ಮೇಲಿನ ಪಿಷ್ಟ ತೊಳೆದುಹೋಗಿ ಬಿಲ್ಲೆ ಒಂದಕ್ಕೊಂದು ಅಂಟುವುದಿಲ್ಲ ಎನ್ನುವುದು ಒಂದು ಪಕ್ಷ. ಸುಳ್ಳಲ್ಲ. ಆದರೆ ಹೊರಹಾಕಬೇಕಾದ ನೀರಿನ ಮೇಲೆ ಇನ್ನಷ್ಟು ನೀರು ಹೊರಿಸಿದ ಹಾಗೂ ಆಯಿತು. ನೆನೆಸಿದರೆ ಬಟ್ಟೆಯ ಮೇಲೆ ಹರಡಿ, ಒತ್ತಿ, ಮೈ ಪೂರಾ ಒಣಗಿಸಲೇಬೇಕು. ಹಾಟ್ ಚಿಪ್ಸ್ ಅಂಗಡಿಯವರು ಇನ್ನೊಂದು ಪಕ್ಷ. ಚಿಪ್ಸ್ ಮಣೆಯನ್ನು ಬಾಣಲೆಯ ಮೇಲೆಯೇ ಹಿಡಿದು ಕಾಯಿಯನ್ನು ನೇರ ಎಣ್ಣೆಗೆ ಉಜ್ಜುತ್ತಾರೆ. ಬಿಲ್ಲೆ ಒಂದೊಂದಾಗಿ ಬೀಳುವುದರಿಂದ ಮೇಲ್ಮೈಯ ಪಿಷ್ಟ ತಕ್ಷಣ ಬೆಂದು ಗಟ್ಟಿಯಾಗುತ್ತದೆ, ಅಂಟುವ ಪ್ರಶ್ನೆಯಿಲ್ಲ. ವಿದ್ಯೆಯಾಗಿ ಇದೇ ಮೇಲು. ಆದರೆ ಬಿಸಿ ಹಬೆಯ ಮೇಲೆ ಕೈ ಹಿಡಿದು ಉಜ್ಜುವುದು ಅವರಿಗೆ ದಿನದ ಅಭ್ಯಾಸ, ನಮಗಲ್ಲ. ಮನೆಯವರಿಗೆ ನಡುದಾರಿ ಒಂದಿದೆ. ಒಂದು ಕಾಯಿಯನ್ನು ಎಣ್ಣೆ ಸವರಿದ ತಟ್ಟೆಯ ಮೇಲೆ ಹೆಚ್ಚಿ, ಬಿಲ್ಲೆಗಳನ್ನು ಬಿಡಿಬಿಡಿಯಾಗಿ ಹರಡಿ, ಆಗಲೇ ಎಣ್ಣೆಗೆ ಬಿಡಿ. ಅದು ಬೇಯುವಾಗ ಮುಂದಿನ ಕಾಯಿ ಹೆಚ್ಚಿಕೊಳ್ಳಿ. ಇಡೀ ಚಿಪ್ಪನ್ನು ಮೊದಲೇ ಹೆಚ್ಚಿ ಗುಡ್ಡೆ ಹಾಕಿಕೊಳ್ಳಬೇಡಿ.

ಬಿಲ್ಲೆಯ ದಪ್ಪ ಒಂದರಿಂದ ಒಂದೂವರೆ ಮಿಲಿಮೀಟರ್. ಅದಕ್ಕಿಂತ ತೆಳುವಾದರೆ ಎಣ್ಣೆ ಕುಡಿದ ಕಾಗದವಾಗುತ್ತದೆ, ದಪ್ಪವಾದರೆ ನಡುವಿನ ನೀರು ಹೊರಬರಲು ದಾರಿ ದೂರ. ದಪ್ಪ ಎಷ್ಟೇ ಇರಲಿ, ಎಲ್ಲವೂ ಒಂದೇ ಸಮ ಇರಬೇಕು. ಒಂದೇ ಬಾಣಲೆಯಲ್ಲಿ ತೆಳುವು ಕಪ್ಪಾಗಿ ದಪ್ಪದ್ದು ಹಸಿಯಾಗಿ ಉಳಿಯುವುದು ಈಳಿಗೆ ಮಣೆಯಲ್ಲಿ ಹೆಚ್ಚಿದಾಗ. ಅರುವತ್ತು ವರ್ಷ ಈಳಿಗೆ ಹಿಡಿದ ಅಜ್ಜಿಯಂದಿರ ಕೈ ಬೇರೆ ಮಾತು. ಉಳಿದವರು ನೂರು ಚಿಲ್ಲರೆ ರೂಪಾಯಿಯ ಚಿಪ್ಸ್ ಮಣೆ ತಂದುಕೊಳ್ಳಿ.

ತೆಂಗಿನ ಸೀಮೆ, ಕಡಲೆಕಾಯಿ ಎಣ್ಣೆ

ಅರಸೀಕೆರೆ, ತಿಪಟೂರು ದೇಶಕ್ಕೇ ಹೆಸರಾದ ಕೊಬ್ಬರಿ ಸೀಮೆ. ಆದರೂ ಇಲ್ಲಿನ ಅಡುಗೆಮನೆಗೆ ಕೊಬ್ಬರಿ ಎಣ್ಣೆ ಬಂದದ್ದು ಕಡಿಮೆ. ಕರಾವಳಿಯವರು ಒಗ್ಗರಣೆಯಿಂದ ಹಿಡಿದು ಕರಿಯುವವರೆಗೆ ಎಲ್ಲಕ್ಕೂ ಬಳಸುವ ಎಣ್ಣೆ ಹಳೆ ಮೈಸೂರಿನ ಕಡೆ ತಲೆಗೆ ಹಚ್ಚುವ ಎಣ್ಣೆ. ಅಡುಗೆಗೆ ಕಡಲೆಕಾಯಿ ಎಣ್ಣೆ, ಹಿಂದಿನವರಿಗೆ ಹುಚ್ಚೆಳ್ಳೆಣ್ಣೆಯೂ ಇತ್ತು. ಇದಕ್ಕೆ ರುಚಿಯಷ್ಟೇ ಅಲ್ಲ, ವ್ಯಾಪಾರವೂ ಕಾರಣ. ಇಲ್ಲಿನದು ಉಂಡೆ ಕೊಬ್ಬರಿ, ಗಾಣಕ್ಕೆ ಹೋಗುವುದಕ್ಕಿಂತ ತಿನ್ನಲೆಂದು ಉತ್ತರ ಭಾರತಕ್ಕೆ ಹೋಗುವ ಸರಕು. ಬೆಲೆ ಏರಿಳಿದಾಗ ನಡುಗುವುದೂ ಈ ಸೀಮೆಯೇ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆ ಅದಕ್ಕಿಂತ ಕೆಳಗೆ ಕುಸಿದು ರೈತರು ಬೀದಿಗಿಳಿದಿದ್ದರು.

ಉಂಡೆ ಕೊಬ್ಬರಿ ಆಗುವ ರೀತಿ ನಮ್ಮ ಚಿಪ್ಸಿಗೂ ಪಾಠ. ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲುಗಾಡಿಸಿದರೆ ಗಡಗಡ ಎನ್ನುವವರೆಗೆ ಯಾರೂ ಒಡೆಯುವುದಿಲ್ಲ. ನೀರು ಉಳಿದಿದ್ದರೆ ಬೂಷ್ಟು ಗ್ಯಾರಂಟಿ. ಅಟ್ಟ ತಿಂಗಳುಗಟ್ಟಲೆ ಮಾಡುವುದನ್ನು ಬಾಣಲೆ ನಿಮಿಷಗಳಲ್ಲಿ ಮಾಡುತ್ತದೆ. ಎರಡರಲ್ಲೂ ಅವಸರದವನು ಕೆಡುತ್ತಾನೆ.

ಈಗ ಎಣ್ಣೆಯ ಆಯ್ಕೆ. ಬಾಳೆಕಾಯಿಗೆ ಕೊಬ್ಬರಿ ಎಣ್ಣೆಯ ಪರಿಮಳ ಒಪ್ಪುವಷ್ಟು ಬೇರೆ ಯಾವುದೂ ಒಪ್ಪದು. ಅದರ ಕೊಬ್ಬಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಪರ್ಯಾಪ್ತ ಜಾತಿಯದು. ಗಾಳಿಯ ಆಮ್ಲಜನಕಕ್ಕೆ ಅದು ಸುಲಭವಾಗಿ ಬಗ್ಗುವುದಿಲ್ಲ, ಹಾಗಾಗಿ ಚಿಪ್ಸಿಗೆ ಕಮಟು ವಾಸನೆ ಬೇಗ ಬರುವುದಿಲ್ಲ. ವೈದ್ಯರು ಮಿತಿ ಹೇಳುವುದೂ ಇದೇ ಪರ್ಯಾಪ್ತ ಕೊಬ್ಬಿಗೆ ಎಂಬುದನ್ನು ಮರೆಯಬಾರದು. ಇನ್ನೊಂದು ಸಣ್ಣ ತೊಡಕು ಚಳಿಗಾಲದ್ದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಅರಸೀಕೆರೆಯಲ್ಲಿ ಡಬ್ಬ ತೆರೆದರೆ ಚಿಪ್ಸಿನ ಮೇಲೆ ಬಿಳಿ ಪೊರೆ ಕಾಣುತ್ತದೆ. ಕೆಟ್ಟಿದೆ ಎಂದುಕೊಳ್ಳಬೇಡಿ, ಬಿಸಿಲು ಕಂಡರೆ ಮಾಯವಾಗುತ್ತದೆ. ಕಡಲೆಕಾಯಿ ಎಣ್ಣೆಗೆ ಈ ತೊಡಕಿಲ್ಲ. ಅದರಲ್ಲಿ ಕರಿದ ಚಿಪ್ಸ್ ಮಸಾಲೆಯ ರುಚಿಯನ್ನು ಮುಂದೆ ಬಿಟ್ಟುಕೊಡುತ್ತದೆ. ಗಾಣದ ಎಣ್ಣೆಯಾದರೆ ಉರಿಯ ಮೇಲೆ ಕಣ್ಣಿರಲಿ, ಸಂಸ್ಕರಿಸಿದ ಎಣ್ಣೆಗಿಂತ ಬೇಗ ಹೊಗೆಯಾಡುತ್ತದೆ.

ಬಾಣಲೆಯೊಳಗೆ ನಡೆಯುವುದು

ದಪ್ಪ ತಳದ ಅಗಲ ಬಾಣಲೆ, ಅರ್ಧದವರೆಗೆ ಮಾತ್ರ ಎಣ್ಣೆ. ಕಾವು 170ರಿಂದ 180 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಬಿಲ್ಲೆ ಬಿಟ್ಟು ನೋಡಿ. ತಳ ಮುಟ್ಟಿ ತಕ್ಷಣ ಮೇಲೆದ್ದು ಸುತ್ತ ಗುಳ್ಳೆ ಕಟ್ಟಿದರೆ ಹದ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು, ಬಿದ್ದೊಡನೆ ಅಂಚು ಕಂದಿದರೆ ಉರಿ ಇಳಿಸಬೇಕು.

ಬಿಲ್ಲೆ ಬಿದ್ದಾಗ ಏಳುವ ಗುಳ್ಳೆ ಎಣ್ಣೆಯದಲ್ಲ. ಬಾಳೆಕಾಯಿಯೊಳಗಿನ ನೀರು ಆವಿಯಾಗಿ ಹೊರನುಗ್ಗುವ ಗುಳ್ಳೆ ಅದು. ಆವಿ ಹೊರಗೆ ತಳ್ಳುತ್ತಿರುವವರೆಗೂ ಎಣ್ಣೆಗೆ ಒಳಹೋಗಲು ದಾರಿಯಿಲ್ಲ. ನೀರು ಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತದೆ, ಸುತ್ತಲಿನ ಪಿಷ್ಟ ಬೆಂದು ಒಣಗಿ ತೆಳುವಾದ ಗೋಡೆಯಾಗುತ್ತದೆ. ಹಲ್ಲಿಗೆ ಸಿಕ್ಕಾಗ ಆ ಗೋಡೆಗಳು ಒಟ್ಟಿಗೇ ಪಟಪಟನೆ ಮುರಿಯುವುದನ್ನೇ ನಾವು ಗರಿಗರಿ ಎನ್ನುವುದು. ಅಲ್ಲಿ ಸ್ವಲ್ಪ ತೇವ ಉಳಿದರೂ ಗೋಡೆ ಮುರಿಯುವ ಬದಲು ಬಾಗುತ್ತದೆ.

ನೀರನ್ನು ಆವಿಯಾಗಿಸುವುದು ಅಗ್ಗದ ಕೆಲಸವಲ್ಲ. ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದ ಶಾಖದ ಆರೇಳು ಪಟ್ಟು ಶಾಖ ಅದನ್ನು ಆವಿಯಾಗಿಸಲು ಬೇಕು. ಆ ಶಾಖವೆಲ್ಲ ಎಣ್ಣೆಯಿಂದಲೇ ಬರಬೇಕಲ್ಲ. ಬೇಗ ಮುಗಿಸೋಣವೆಂದು ಮೂರು ಕಾಯಿಯ ಬಿಲ್ಲೆ ಒಟ್ಟಿಗೆ ಸುರಿದರೆ ಎಣ್ಣೆ ಒಮ್ಮೆಗೇ ತಣ್ಣಗಾಗುತ್ತದೆ, ಆವಿಯ ಒತ್ತಡ ಸೊರಗುತ್ತದೆ, ಬಿಲ್ಲೆ ಎಣ್ಣೆಯಲ್ಲಿ ಬೇಯುತ್ತದೆಯೇ ಹೊರತು ಕರಿಯುವುದಿಲ್ಲ. ಒಂದು ಲೀಟರ್ ಎಣ್ಣೆಗೆ ಒಂದು ಸರದಿಗೆ ಒಂದು ದೊಡ್ಡ ಕಾಯಿ ಸಾಕು. ಬಿಲ್ಲೆ ಬಿಟ್ಟ ಕೂಡಲೇ ಉರಿ ಜೋರು, ಗುಳ್ಳೆ ಇಳಿಯುತ್ತ ಬಂದಂತೆ ಮಧ್ಯಮ. ಮೊದಲ ಅರ್ಧ ನಿಮಿಷ ಕೈಯಾಡಿಸಬೇಡಿ, ಮೇಲ್ಮೈ ಗಟ್ಟಿಯಾಗಲಿ. ಆಮೇಲೆ ಜಾಲರಿಯಿಂದ ಬಿಡಿಸಿ, ತಿರುವುತ್ತಿರಿ.

ಆಯಿತೆಂದು ತಿಳಿಯುವುದು ಹೇಗೆ? ಬಣ್ಣ ಅರ್ಧ ಸತ್ಯ ಹೇಳುತ್ತದೆ. ಅರಿಶಿನ ಹಾಕಿದ ಮೇಲೆ ಅದೂ ಹೇಳುವುದಿಲ್ಲ. ಪೂರ್ತಿ ಸತ್ಯ ಇರುವುದು ಸದ್ದಿನಲ್ಲಿ. ಮೊದಲು ಭೋರೆನ್ನುವ ಎಣ್ಣೆ ಎರಡು ಮೂರು ನಿಮಿಷಕ್ಕೆ ಚುರುಚುರು ಎನ್ನುತ್ತದೆ, ಕೊನೆಗೆ ಗುಳ್ಳೆಗಳು ಬಿಡಿಬಿಡಿಯಾಗಿ ಎಣ್ಣೆ ಬಹುತೇಕ ಸುಮ್ಮನಾಗುತ್ತದೆ. ಜಾಲರಿಯಲ್ಲಿ ನಾಲ್ಕು ಬಿಲ್ಲೆ ಎತ್ತಿ ಕುಲುಕಿದರೆ ಒಣ ಎಲೆಯ ಸದ್ದು ಬರಬೇಕು. ಆಗ ತೆಗೆಯಿರಿ. ಎಣ್ಣೆಯಿಂದ ತೆಗೆದ ಬಿಲ್ಲೆ ಕೊಂಚ ಬಾಗುವಂತಿದ್ದರೂ ಆರಿದ ಮೇಲೆ ಬಿರುಸಾಗುತ್ತದೆ.

ಉಪ್ಪು ಹಾಕಲು ಕೇರಳದವರು ಕಲಿಸಿದ ಜಾಣತನ ಒಂದಿದೆ. ಬಿಲ್ಲೆ ಮುಕ್ಕಾಲು ಬೆಂದಾಗ ಉಪ್ಪು ಅರಿಶಿನದ ನೀರನ್ನು ಎಣ್ಣೆಗೇ ಬಿಡುವುದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ನೀರು ಸಿಡಿದು ಆವಿಯಾದಾಗ ಅದು ಬಿಲ್ಲೆಗಳ ಮೈಗೆ ಹಿಡಿಯುತ್ತದೆ. ಅರಿಶಿನದ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದರಿಂದ ಎಲ್ಲ ಬಿಲ್ಲೆಗೂ ಸಮನಾಗಿ ಹಂಚಿಹೋಗುತ್ತದೆ. ಆದರೆ ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಒಂದು ಟೀ ಚಮಚ ನೀರು ಕ್ಷಣದಲ್ಲಿ ಎಂಟು ಲೀಟರಿಗೂ ಮೀರಿದ ಆವಿ. ಆದ್ದರಿಂದ ದ್ರಾವಣ ಆದಷ್ಟು ಗಟ್ಟಿಯಾಗಿರಲಿ. 50 ಮಿಲಿಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪುಡಿಯುಪ್ಪು, ಅರ್ಧ ಚಮಚ ಅರಿಶಿನ. ಅದಕ್ಕಿಂತ ಹೆಚ್ಚು ಉಪ್ಪು ಆ ನೀರಿನಲ್ಲಿ ಕರಗುವುದೂ ಇಲ್ಲ. ಒಂದು ಸರದಿಗೆ ಒಂದು ಟೀ ಚಮಚ ಮಾತ್ರ, ಮುಖ ಹಿಂದಕ್ಕೆ, ಮಕ್ಕಳು ಅಡುಗೆಮನೆಯ ಹೊರಗೆ. ಭೋರೆಂಬ ಸದ್ದು ಮತ್ತೆ ಎದ್ದು, ಮತ್ತೆ ಇಳಿಯುವವರೆಗೆ ಕಾಯಿರಿ. ಇಲ್ಲಿ ಆತುರಪಟ್ಟರೆ ಆಗಷ್ಟೇ ಬಿಟ್ಟ ನೀರನ್ನೇ ಚಿಪ್ಸಿನಲ್ಲಿ ಉಳಿಸಿದಂತೆ. ಭಯವಿದ್ದವರು ಈ ಹಂತ ಬಿಟ್ಟು, ಕರಿದ ಮೇಲೆ ಉಪ್ಪು ಉದುರಿಸಿದರೆ ಯಾರೂ ಕೇಳುವುದಿಲ್ಲ.

ತೆಗೆದ ಮೇಲಿನ ಒಂದು ನಿಮಿಷ ಬಹಳ ಮಂದಿ ಕಡೆಗಣಿಸುವ ಹಂತ. ಚಿಪ್ಸ್ ಎಣ್ಣೆ ಕುಡಿಯುವುದು ಹೆಚ್ಚಾಗಿ ಬಾಣಲೆಯೊಳಗಲ್ಲ, ಹೊರಗೆ. ಬಿಲ್ಲೆ ತಣಿಯುವಾಗ ರಂಧ್ರದೊಳಗಿನ ಆವಿ ಕುಗ್ಗಿ, ಮೈಮೇಲಿದ್ದ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಜಾಲರಿಯನ್ನು ಬಾಣಲೆಯ ಮೇಲೆಯೇ ಹಿಡಿದು ನಾಲ್ಕಾರು ಸಲ ಜೋರಾಗಿ ಕುಲುಕಿ, ಬಿಸಿಯಿರುವಾಗಲೇ ತೂತಿನ ತಟ್ಟೆಯ ಮೇಲೆ ಹರಡಿ. ಗುಡ್ಡೆ ಹಾಕಿದರೆ ಕೆಳಗಿನವು ಮೇಲಿನವುಗಳ ಹಬೆಗೆ ಮೆತ್ತಗಾಗುತ್ತವೆ.

ಮೆಣಸೋ, ಮೆಣಸಿನಕಾಯಿಯೋ

1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯ ಏಳುತ್ತಿದ್ದಾಗ ಇಲ್ಲಿನ ಅಡುಗೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು 1500ರ ನಂತರ. ಹಾಸನದ ಹೆಮ್ಮೆಯ ಆಲೂಗೆಡ್ಡೆಯೂ ಅಷ್ಟೇ, ಆಮೇಲೆ ಬಂದ ಅತಿಥಿ. ಹೊಯ್ಸಳರ ಕಾಲಕ್ಕೆ ಇದ್ದದ್ದು ಬಾಳೆ ಮತ್ತು ಕಾಳುಮೆಣಸು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನೋಡಬಂದವರ ಕೈಗೆ ಮೆಣಸು ಹಾಕಿದ ಬಾಳೆಕಾಯಿ ಚಿಪ್ಸ್ ಕೊಟ್ಟರೆ, ಆಲೂಗೆಡ್ಡೆ ಚಿಪ್ಸಿನ ಪೊಟ್ಟಣಕ್ಕಿಂತ ಈ ಮಣ್ಣಿಗೆ ಹತ್ತಿರದ ತಿಂಡಿ ಕೊಟ್ಟಂತಾಗುತ್ತದೆ.

ಬೇಲೂರಿನಾಚೆಯ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು ಮನೆಗೆ ಬರುವ ಸೀಮೆ ಇದು. ಅದನ್ನು ಪುಡಿಯ ಪೊಟ್ಟಣದಲ್ಲಿ ಕೊಳ್ಳಬೇಡಿ. ಖಾರ ಉಳಿದಿರುತ್ತದೆ, ಘಮ ಹಾರಿಹೋಗಿರುತ್ತದೆ. ಒಂದು ಕಿಲೋ ಕಾಯಿಯ ಚಿಪ್ಸಿಗೆ ಒಂದೂವರೆ ಚಮಚ ಮೆಣಸು, ಅರ್ಧ ಚಮಚ ಜೀರಿಗೆಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ತರಿತರಿಯಾಗಿ ಕುಟ್ಟಿ. ಚಿಟಿಕೆ ಇಂಗು, ಎಣ್ಣೆಯಲ್ಲಿ ಕರಿದು ಪುಡಿ ಮಾಡಿದ ಎರಡು ಎಸಳು ಕರಿಬೇವು ಸೇರಿಸಿ. ಕೆಂಪಗೆ ಬೇಕೆನ್ನುವವರಿಗೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಎರಡು ಚಮಚ, ಇಂಗು, ಅರ್ಧ ಚಮಚ ಆಮ್‌ಚೂರ್. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಬಾಯಿ ಉರಿಯಬೇಕೆಂದರೆ ಗುಂಟೂರು ಬೆರೆಸಿ. ಒಂದು ಚಮಚ ಹುರಿಗಡಲೆಯ ನುಣುಪು ಪುಡಿ ಸೇರಿಸಿದರೆ ಮೈಮೇಲಿನ ಹೆಚ್ಚುವರಿ ಎಣ್ಣೆ ಹೀರಿ ಮಸಾಲೆಯನ್ನು ಹಿಡಿದಿಡುತ್ತದೆ.

ಖಾರದ ಪುಡಿಯನ್ನು ಎಂದೂ ಎಣ್ಣೆಗೆ ಹಾಕಬೇಡಿ, ಕ್ಷಣದಲ್ಲಿ ಕರಕಾಗಿ ಎಣ್ಣೆಯೂ ಕೆಡುತ್ತದೆ. ಹಾಕಬೇಕಾದ್ದು ಚಿಪ್ಸ್ ತೆಗೆದು ಕುಲುಕಿದ ಕೂಡಲೇ, ಮೈ ಇನ್ನೂ ತುಸು ಜಿಡ್ಡಾಗಿ ಬಿಸಿಯಾಗಿರುವಾಗ. ಆರಿದ ಮೇಲೆ ಹಾಕಿದ್ದು ಚಿಪ್ಸಿಗೆ ಹಿಡಿಯದೆ ಡಬ್ಬದ ತಳ ಸೇರುತ್ತದೆ. ಹಸಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಪುದೀನ ರುಬ್ಬಿ ಹಚ್ಚುವ ಆಸೆ ಬಿಡಿ. ಅಷ್ಟು ಕಷ್ಟಪಟ್ಟು ಓಡಿಸಿದ ನೀರನ್ನು ಕೈಯಾರೆ ಕರೆತಂದಂತೆ. ಆ ರುಚಿ ಬೇಕಿದ್ದರೆ ಒಣಗಿಸಿ ಪುಡಿಮಾಡಿಯೇ ಬಳಸಿ.

ಮಳೆಗಾಲದ ಡಬ್ಬ

ಮಳೆಗಾಲದ ಬೇಲೂರಿನಲ್ಲಿ ಚಿಪ್ಸ್ ಮೆತ್ತಗಾಗಲು ಪಿಷ್ಟವೊಂದೇ ಕಾರಣವಲ್ಲ, ಉಪ್ಪೂ ಕಾರಣ. ಗಾಳಿಯ ತೇವಾಂಶ ನೂರಕ್ಕೆ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದ ನೀರು ಹೀರಿ ತಾನೇ ಕರಗಲು ತೊಡಗುತ್ತದೆ. ಜುಲೈಯಲ್ಲಿ ಉಪ್ಪಿನ ಭರಣಿ ಬೆವರುವುದನ್ನು ಮಲೆನಾಡಿನಲ್ಲಿ ಯಾರೂ ಹೇಳಿಕೊಡಬೇಕಿಲ್ಲ. ಚಿಪ್ಸಿನ ಮೇಲಿನ ಪ್ರತಿ ಉಪ್ಪಿನ ಕಣವೂ ಅದೇ ಕೆಲಸ ಮಾಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ಉದುರಿಸುವ ಉಪ್ಪನ್ನೂ ಮಸಾಲೆಯನ್ನೂ ಬರಿಯ ಬಾಣಲೆಯಲ್ಲಿ ಬಿಸಿ ಮಾಡಿಕೊಳ್ಳಿ, ಉಪ್ಪನ್ನು ಮಿತವಾಗಿ ಬಳಸಿ, ಅರ್ಧ ನಿಮಿಷ ಹೆಚ್ಚೇ ಕರಿಯಿರಿ. ಚಿಪ್ಸ್ ಪೂರ್ತಿ ಆರಿದ ತಕ್ಷಣ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ತುಂಬಿ. ಬೆಚ್ಚಗಿರುವಾಗ ತುಂಬಿದರೆ ಒಳಗೆ ಬೆವರು, ಆರಿದ ಮೇಲೆ ಹೊರಗೆ ಬಿಟ್ಟರೆ ಮಳೆಯ ಗಾಳಿ. ಒಂದು ದೊಡ್ಡ ಡಬ್ಬಕ್ಕಿಂತ ನಾಲ್ಕು ಸಣ್ಣ ಡಬ್ಬ ಮೇಲು, ದಿನಕ್ಕೊಂದರ ಮುಚ್ಚಳ ತೆರೆದರೆ ಉಳಿದವು ಬಚಾವು. ಮೆತ್ತಗಾದ ಮೇಲೂ ಎಸೆಯುವ ಹಾಗಿಲ್ಲ. ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಎಣ್ಣೆಯಿಲ್ಲದೆ ಐದು ನಿಮಿಷ ಆಡಿಸಿ ಆರಬಿಟ್ಟರೆ ಹೀರಿದ ತೇವ ಹೋಗಿ ಮತ್ತೆ ಗರಿಗರಿ. ಅರಸೀಕೆರೆಯ ಬೇಸಿಗೆಯಲ್ಲಿ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಡಬ್ಬವನ್ನು ತೇವಕ್ಕಿಂತ ಹೆಚ್ಚಾಗಿ ಬಿಸಿಲಿನಿಂದ ಕಾಯಬೇಕು, ಬೆಳಕು ಕಾವು ತಾಗಿದರೆ ಎಣ್ಣೆ ಬೇಗ ಕಮಟುತ್ತದೆ.

ಎಷ್ಟು ಸಿಗುತ್ತದೆ, ಎಷ್ಟು ತಿನ್ನಬಹುದು

ಒಂದು ಕಿಲೋ ಕಾಯಿಗೆ ಸಿಪ್ಪೆ ಕಳೆದರೆ ಸುಮಾರು 600 ಗ್ರಾಂ ತಿರುಳು. ಅದರಲ್ಲಿ ನೀರು ಕಳೆದರೆ 200 ಗ್ರಾಂ ಚಿಲ್ಲರೆ. ಎಣ್ಣೆ ಸೇರಿ ಕೈಗೆ ಬರುವ ಚಿಪ್ಸ್ 350 ಗ್ರಾಂ ಆಸುಪಾಸು. ಅಂಗಡಿಯವನ ದರ ಕೇಳಿ ಹುಬ್ಬೇರಿಸುವ ಮೊದಲು ಈ ಲೆಕ್ಕ ಹಾಕಿದರೆ ಕೋಪ ಅರ್ಧ ಇಳಿಯುತ್ತದೆ. 100 ಗ್ರಾಂ ಬಾಳೆಕಾಯಿ ಚಿಪ್ಸಿನಲ್ಲಿ ಸುಮಾರು 520 ಕ್ಯಾಲೊರಿ, ಮೂರನೇ ಒಂದು ಪಾಲು ಕೊಬ್ಬು. ಮನೆಯದೆಂದ ಮಾತ್ರಕ್ಕೆ ಅದು ಕಡಿಮೆಯಾಗುವುದಿಲ್ಲ. ಮನೆಯಲ್ಲಿ ನಮ್ಮ ಕೈಯಲ್ಲಿರುವುದು ಎರಡು. ಒಂದು, ಕಂದು ಬಣ್ಣಕ್ಕೆ ಹೋಗದಿರುವುದು. ಪಿಷ್ಟದ ಪದಾರ್ಥವನ್ನು ಹೆಚ್ಚು ಕಾವಿನಲ್ಲಿ ಕಂದಿಸಿದರೆ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಹೊಂಬಣ್ಣದಲ್ಲೇ ನಿಲ್ಲಿಸಿ. ಎರಡು, ಎಣ್ಣೆಯನ್ನು ಪದೇ ಪದೇ ಕಾಯಿಸದಿರುವುದು. ಕರಿದು ಕರಿದು ಹಾಳಾದ ಎಣ್ಣೆಯ ಕೆಟ್ಟ ಅಂಶ ನೂರಕ್ಕೆ 25 ದಾಟಿದರೆ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ವ್ಯಾಪಾರಿಗಳಿಗೆ 2018ರ ಜುಲೈಯಿಂದ ನಿಯಮ ಮಾಡಿದೆ. ಮನೆಯವರಿಗೆ ಅಳೆಯುವ ಸಾಧನವಿಲ್ಲ. ಎಣ್ಣೆ ಕಪ್ಪಾದರೆ, ನೊರೆ ಕಟ್ಟಿದರೆ, ಕಾಯುವ ಮೊದಲೇ ಹೊಗೆಯಾಡಿದರೆ ಅದರ ಕಾಲ ಮುಗಿಯಿತು. ಮಿಕ್ಕ ಒಳ್ಳೆಯ ಎಣ್ಣೆಯನ್ನು ಸೋಸಿ ಕೆಲವೇ ದಿನಗಳಲ್ಲಿ ಒಗ್ಗರಣೆಗೆ ಮುಗಿಸಿ.

ಸುಲಿದ ಸಿಪ್ಪೆಯೂ ದಂಡವಲ್ಲ. ಮೇಲಿನ ನಾರು ತೆಗೆದು, ಸಣ್ಣಗೆ ಹೆಚ್ಚಿ ಬೇಯಿಸಿ, ಹುರಿದ ಮೆಣಸಿನಕಾಯಿ, ಹುಣಿಸೆಹಣ್ಣು, ಕಾಯಿತುರಿಯ ಜೊತೆ ರುಬ್ಬಿದರೆ ಮಲೆನಾಡಿನವರ ಸಿಪ್ಪೆ ಚಟ್ನಿ. ಮಧ್ಯಾಹ್ನದ ಅನ್ನಕ್ಕೆ ಅದಾಯಿತು, ಸಂಜೆಯ ಕಾಫಿಗೆ ಚಿಪ್ಸ್.

ಮೊದಲ ಸಲ ಮಾಡುವವರಿಗೆ ಒಂದೇ ಸಲಹೆ. ಒಂದು ಕಾಯಿಯನ್ನು ಕಲಿಕೆಗೆಂದೇ ಬಿಡಿ. ಎರಡನೇ ನಿಮಿಷದಿಂದ ಅರ್ಧರ್ಧ ನಿಮಿಷಕ್ಕೆ ಎರಡೆರಡು ಬಿಲ್ಲೆ ತೆಗೆದು, ಸಾಲಾಗಿ ಇಟ್ಟು, ಆರಿದ ಮೇಲೆ ಮುರಿದು ನೋಡಿ. ಎಲ್ಲಿ ಬಾಗುವುದು ನಿಂತು ಮುರಿಯುವುದು ಶುರುವಾಯಿತೋ ಅದು ನಿಮ್ಮ ಒಲೆಯ, ನಿಮ್ಮ ಬಾಣಲೆಯ, ನಿಮ್ಮ ಊರಿನ ಹದ. ಆ ಹೊತ್ತಿಗೆ ಎಣ್ಣೆ ಹೇಗೆ ಸದ್ದು ಮಾಡುತ್ತಿತ್ತೆಂದು ನೆನಪಿಡಿ. ಇಷ್ಟಕ್ಕಾಗಿ ಅಡುಗೆಮನೆಯ ಮಿಕ್ಸಿಯನ್ನೂ ನಡುಮನೆಯ ಟೀವಿ ಧಾರಾವಾಹಿಯನ್ನೂ ಒಂದರ್ಧ ಗಂಟೆ ಆರಿಸಬೇಕಾಗುತ್ತದೆ. ಮನೆಯವರು ಗೊಣಗಿದರೆ ಮೊದಲ ತಟ್ಟೆ ಅವರ ಮುಂದಿಡಿ.